ಬೀಳುವ ಸ್ವಿಚ್ಚು

ಫೆಬ್ರವರಿ ೯, ಸೋಮವಾರ

ದಿನಕ್ಕೆ ಐದು ಸಾಲು ಬರೆಯಬೇಕಂತೆ. ಏನು ಬರೆದರೂ ಸರಿ, ಬಲಗೈಯಲ್ಲೇ ಬರೆಯಬೇಕು. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಅಪ್ಪಣೆ. ಹೆಬ್ಬೆರಳು ಒಪ್ಪುತ್ತದೆ, ತೋರುಬೆರಳು ಒಪ್ಪುವುದಿಲ್ಲ. ಐದಾಯಿತು.

ಫೆಬ್ರವರಿ ೧೧, ಬುಧವಾರ

ನಿನ್ನೆ ನೋವು, ಬರೆಯಲಿಲ್ಲ. ಇವತ್ತಿನ ಅಕ್ಷರ ನೋಡಿ ಅತ್ತೆ, ಇರುವೆ ಮಸಿಗೆ ಬಿದ್ದು ಎದ್ದು ಮನೆ ಹುಡುಕಿಕೊಂಡು ಹೋದ ಹಾಗಿದೆ ಎಂದರು. ಅವರಿಗೆ ಓದಲು ಬಾರದು ಎಂಬುದೇ ನೆಮ್ಮದಿ. ಅವರ ಮಗನಿಗೆ ಬರುತ್ತದೆ, ಆದರೆ ಇವರು ನನ್ನ ಪುಸ್ತಕ ಮುಟ್ಟುವ ಪೈಕಿ ಅಲ್ಲ. ಏನು ಬೇಕಾದರೂ ಬರೆಯಬಹುದು. ಬರೆಯಲು ಏನೂ ಇಲ್ಲ.

ಫೆಬ್ರವರಿ ೧೩, ಶುಕ್ರವಾರ

ಏನೂ ತೋಚದಿದ್ದರೆ ಆಗಿದ್ದನ್ನೇ ಬರೆಯಿರಿ ಎಂದರು ಡಾಕ್ಟರಮ್ಮ. ಸರಿ.

ಕಬ್ಬಿಣದ ಕಪಾಟು, ರ್‍ಯಾಕು ಮಾಡುವ ವರ್ಕ್‌ಶಾಪಿನಲ್ಲಿ ತೂತು ಕೊರೆಯುವ ಯಂತ್ರ ಹನ್ನೆರಡು ವರ್ಷದಿಂದ ನನ್ನದು. ಇವರು ಅಲ್ಲಿಯೇ ವಯರ್‌ಮನ್. ಜನವರಿ ಇಪ್ಪತ್ತರ ಮಧ್ಯಾಹ್ನ ಊಟ ಮುಗಿಸಿ ಬಂದು ಹಸಿರು ಗುಂಡಿ ಒತ್ತಿದೆ, ಯಂತ್ರದ ಹಿಡಿ ಹಿಡಿದೆ. ಹಿಡಿದ ಕೈ ಬಿಡಲಿಲ್ಲ. ಕೂಗಲು ನೋಡಿದೆ, ದವಡೆ ಕಚ್ಚಿಕೊಂಡಿತ್ತು. ಎದುರು ಗೋಡೆಯ ಗಡಿಯಾರ ಕಾಣುತ್ತಿತ್ತು, ಎರಡಕ್ಕೆ ಹತ್ತು ನಿಮಿಷ. ಆಮೇಲೆ ಪಕ್ಕೆಗೆ ಏನೋ ಬಡಿಯಿತು, ನೆಲಕ್ಕೆ ಬಿದ್ದೆ. ವೆಲ್ಡಿಂಗ್ ಮಾಡುವ ಕಿಡಿ ಮರದ ಹಲಗೆಯಿಂದ ತಳ್ಳಿ ಬಿಡಿಸಿದ್ದನಂತೆ. ಅಂಗೈ ಸುಟ್ಟು ಚರ್ಮ ಎಳೆದುಕೊಂಡಿದೆ, ಅದಕ್ಕೇ ಬೆರಳು ಮಡಚುವುದಿಲ್ಲ.

ತಪ್ಪು ನನ್ನದೇ. ಕೊರೆಯುವಾಗ ಮೊನೆ ಕಾಯದಿರಲೆಂದು ಸೋಪಿನ ನೀರು ಬಿಡುತ್ತೇವೆ, ಅದು ಚೆಲ್ಲಿ ನೆಲ ಒದ್ದೆಯಾಗಿತ್ತು. ಕಾಲಡಿಯ ರಬ್ಬರ್ ಹಾಸು ಪಕ್ಕಕ್ಕೆ ಸರಿದಿತ್ತು. ನೋಡಿಯೂ ಸರಿಮಾಡಿಕೊಳ್ಳಲಿಲ್ಲ. ಆ ವಾರ ಕೆಲಸ ಬಹಳ ಸರಾಗವಾಗಿ ಸಾಗಿತ್ತು, ಒಂದು ಸಲವೂ ಕರೆಂಟು ಕೈಕೊಟ್ಟಿರಲಿಲ್ಲ. ಆ ಗುಂಗಿನಲ್ಲಿ ಮೈಮರೆತೆ.

ಕೈ ಸೋತಿತು. ಇಷ್ಟು ಬರೆದಿದ್ದಕ್ಕೆ ಡಾಕ್ಟರಮ್ಮ ಶಭಾಸ್ ಎನ್ನಬೇಕು.

ಫೆಬ್ರವರಿ ೧೭, ಮಂಗಳವಾರ

ವರ್ಕ್‌ಶಾಪಿನ ಯಜಮಾನರು ಮನೆಗೆ ಬಂದಿದ್ದರು, ಹಣ್ಣಿನ ಬುಟ್ಟಿ ಹಿಡಿದು. ಕೈ ವಿಚಾರಿಸಿಕೊಂಡು ಜೇಬಿನಿಂದ ಕಾಗದ ತೆಗೆದರು. ವಿಮೆಯವರಿಗೆ, ಕಾರ್ಖಾನೆ ತಪಾಸಣೆ ಕಚೇರಿಗೆ ಕೊಡಬೇಕಾದ ಹೇಳಿಕೆ. ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗಿ ನಾಲ್ಕೇ ಸಾಲು. ಓದಿದೆ, ಸುಳ್ಳೇನೂ ಕಾಣಲಿಲ್ಲ. ಸಹಿ ಹಾಕಲು ಹೋದರೆ ಪೆನ್ನು ಜಾರಿ ಗೀಟು ಎಳೆಯಿತು. ಹೆಬ್ಬೆಟ್ಟು ಒತ್ತಲೇ ಎಂದು ಕೇಳಿದೆ. ಓದು ಬಲ್ಲವಳು ಹೆಬ್ಬೆಟ್ಟು ಒತ್ತಿದರೆ ಕಚೇರಿಯವರು ನೂರೆಂಟು ಪ್ರಶ್ನೆ ಕೇಳುತ್ತಾರೆ, ಕೈ ಬಂದ ಮೇಲೆ ನಿಧಾನವಾಗಿ ಹಾಕಮ್ಮ ಎಂದರು. ಒಳ್ಳೆಯ ಮನುಷ್ಯ. ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಅವರ ಕಾರಿನಲ್ಲೇ.

ಇವರು ಅಡುಗೆಮನೆಗೆ ಹೋದವರು ಯಜಮಾನರು ಎದ್ದು ಹೋಗುವ ತನಕ ಈಚೆಗೆ ಬರಲಿಲ್ಲ. ಚಹಾ ಮಾಡುತ್ತಿದ್ದಾರೆಂದುಕೊಂಡೆ. ಚಹಾನೂ ಬರಲಿಲ್ಲ.

ಫೆಬ್ರವರಿ ೨೨, ಭಾನುವಾರ

ಮನೆಯ ವೈರಿಂಗನ್ನೆಲ್ಲ ಇವರು ಹೊಸದಾಗಿ ಮಾಡುತ್ತಿದ್ದಾರೆ. ಪ್ಲಗ್ಗು, ಹೋಲ್ಡರು, ಬಟ್ಟೆ ಒಗೆಯುವ ಯಂತ್ರದ ವೈರು, ಒಂದನ್ನೂ ಬಿಟ್ಟಿಲ್ಲ. ಅತ್ತೆ ನೋಡಿ, ಹಿತ್ತಲ ದೀಪ ಸರಿಮಾಡು ಎಂದು ಆರು ವರ್ಷದಿಂದ ಬಾಯಿ ಬಡಿದುಕೊಂಡೆ, ಇವತ್ತು ನಾನು ಕೇಳದೆಯೇ ಹತ್ತಿದೆ, ನಿನ್ನ ಗಂಡನಿಗೆ ಜ್ವರ ಗಿರ ಬಂದಿದೆಯೇನು ನೋಡು ಎಂದರು.

ನನ್ನ ತಲೆ ಬಾಚಿ ಜಡೆ ಹಾಕುವುದೂ ಇವರೇ. ವೈರು ಹೆಣೆದ ಹಾಗೆ ಹೆಣೆಯುತ್ತಾರೆ, ಸಂಜೆಯಾದರೂ ಒಂದು ಕೂದಲು ಸಡಿಲವಾಗುವುದಿಲ್ಲ. ಆದರೆ ಕೈಯ ಪಟ್ಟಿ ಬಿಚ್ಚುವಾಗ ಮಾತ್ರ ಹೊರಗೆ ಹೋಗಿಬಿಡುತ್ತಾರೆ. ಗಂಡಸರಿಗೆ ಗಾಯ ನೋಡುವ ಗಟ್ಟಿತನ ಕಡಿಮೆ.

ಫೆಬ್ರವರಿ ೨೬, ಗುರುವಾರ

ಕಿಡಿ ಬಂದಿದ್ದ. ಮಾಡುವ ಕೆಲಸಕ್ಕೂ ಆಡುವ ಮಾತಿಗೂ ಸೇರಿ ಬಂದ ಹೆಸರು ಅದು, ಸುಮ್ಮನೆ ಕೂರುವ ಜಾತಿಯವನಲ್ಲ. ಆ ಮಧ್ಯಾಹ್ನದ್ದನ್ನೆಲ್ಲ ಅಭಿನಯಿಸಿ ತೋರಿಸಿದ. ನನ್ನ ಪಕ್ಕೆಗೆ ಹಲಗೆ ಹಾಕಿದ್ದಕ್ಕೆ ಕ್ಷಮೆ ಕೇಳಿದ. ಇನ್ನೂ ಜೋರಾಗಿ ಹಾಕಿದ್ದರೆ ಇನ್ನೂ ಬೇಗ ಬೀಳುತ್ತಿದ್ದೆ ಎಂದೆ, ಇಬ್ಬರೂ ನಕ್ಕೆವು.

ಆಗ ಒಂದು ಮಾತು ಹೊಳೆಯಿತು. ನಮ್ಮ ವರ್ಕ್‌ಶಾಪಿನ ಬೋರ್ಡಿನಲ್ಲಿ ಟ್ರಿಪ್ ಸ್ವಿಚ್ಚು ಇದೆ. ಕರೆಂಟು ತಂತಿ ಬಿಟ್ಟು ಬೇರೆ ಕಡೆ ಸೋರಿದರೆ ಅದು ತಾನಾಗಿ ಬಿದ್ದು ಇಡೀ ಲೈನು ನಿಲ್ಲಿಸುತ್ತದೆ. ನೆಲ ಸ್ವಲ್ಪ ಒದ್ದೆಯಾದರೂ ಸಾಕು, ದಿನಕ್ಕೆ ಹತ್ತು ಸಲ ಬಿದ್ದು ನಮ್ಮ ಪ್ರಾಣ ತಿನ್ನುತ್ತಿತ್ತು. ಅವತ್ತು ನಾನು ಹಿಡಿ ಹಿಡಿದು ನಿಂತಿದ್ದಾಗ ಯಾಕೆ ಬೀಳಲಿಲ್ಲ ಎಂದು ಕೇಳಿದೆ.

ಕಿಡಿ ಲೋಟ ಕೆಳಗಿಟ್ಟ. ಗೊತ್ತಿಲ್ಲ ಅಕ್ಕ ಎಂದ. ಅವನ ಬಾಯಿಂದ ಗೊತ್ತಿಲ್ಲ ಎಂಬ ಮಾತು ನಾನು ಕೇಳಿದ್ದು ಇದೇ ಮೊದಲು. ಅರ್ಧ ಚಹಾ ಬಿಟ್ಟು ಹೊರಟ.

ಮಾರ್ಚ್ ೧, ಭಾನುವಾರ

ಬೆಳಿಗ್ಗೆ ಇವರು ನೆಲದ ಮೇಲೆ ಕೂತು ಇಸ್ತ್ರಿಪೆಟ್ಟಿಗೆ ಬಿಚ್ಚುತ್ತಿದ್ದರು. ಎದುರಿಗೆ ಕೂತು ಅದೇ ಪ್ರಶ್ನೆ ಕೇಳಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಬೀಳೋ ಹಾಗಿರ್ಲಿಲ್ಲ ಅದು,” ಎಂದರು. “ಜನವರಿ ಹನ್ನೆರಡನೇ ತಾರೀಕು ನಾನೇ ಅದನ್ನ ಬಿಡಿಸಿ ಲೈನು ನೇರ ಕೊಟ್ಟಿದ್ದೆ.”

ಮಿಕ್ಕಿದ್ದನ್ನು ತಲೆ ಎತ್ತದೆ ಹೇಳಿದರು. ನನ್ನ ಯಂತ್ರದ ಅರ್ಥ್ ವೈರು, ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಆ ಹಸಿರು ವೈರು, ಬುಡದಲ್ಲಿ ತುಕ್ಕು ಹಿಡಿದು ಕಿತ್ತುಹೋಗಿತ್ತು. ಸೋಪಿನ ನೀರು ಬಿಡುವ ಒಳಗಿನ ಪಂಪಿನ ವೈರು ಸವೆದು ಯಂತ್ರದ ಮೈಗೇ ತಾಗುತ್ತಿತ್ತು. ಸ್ವಿಚ್ಚು ಪದೇಪದೇ ಬೀಳುತ್ತಿದ್ದದ್ದು ಅದಕ್ಕೇ. ಅದನ್ನು ಸರಿಮಾಡಲು ಒಂದು ದಿನ ಯಂತ್ರ ನಿಲ್ಲಿಸಬೇಕಿತ್ತು. ಆಸ್ಪತ್ರೆಯ ರ್‍ಯಾಕುಗಳ ಆರ್ಡರು ಕುತ್ತಿಗೆಗೆ ಬಂದಿತ್ತು. ಭಾನುವಾರ ನೋಡಿದರಾಯಿತು, ಅಲ್ಲಿಯವರೆಗೆ ಸ್ವಿಚ್ಚು ಬೀಳದಿದ್ದರೆ ಸಾಕು ಎಂದುಕೊಂಡರಂತೆ. ಆ ಭಾನುವಾರವೂ ಕೆಲಸವಿತ್ತು. ಎರಡು ದಿನ ಕಳೆದು ಮಂಗಳವಾರ ಹೀಗಾಯಿತು.

ನಲವತ್ತು ದಿನ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜಡೆ ಹೆಣೆದಿದ್ದಾರೆ.

ಹಾಗಾದರೆ ಆ ಕಾಗದಕ್ಕೆ ಏನು ಮಾಡಲಿ ಎಂದೆ.

“ಸಹಿ ಹಾಕು ಅನ್ನೋಕೂ ನಂಗೆ ಬಾಯಿಲ್ಲ, ಹಾಕಬೇಡ ಅನ್ನೋಕೂ ಇಲ್ಲ,” ಎಂದರು.

ಮಾರ್ಚ್ ೨, ಸೋಮವಾರ

ಜಡೆ ನಾನೇ ಹಾಕಿಕೊಂಡೆ. ಎಡಗೈಯಲ್ಲಿ. ಹಗ್ಗದ ಹಾಗೆ ಬಂತು.

ಮಾರ್ಚ್ ೪, ಬುಧವಾರ

ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ. ಅತ್ತೆ ಮಗನ ಮುಖ, ನನ್ನ ಮುಖ ನೋಡಿ ನೋಡಿ, ಕೊನೆಗೆ ಬೆಕ್ಕಿನ ಜೊತೆ ಮಾತಾಡುತ್ತಿದ್ದಾರೆ.

ಇವರ ಮೇಲಿನ ಸಿಟ್ಟಿನಲ್ಲಿ ಎಲ್ಲವನ್ನೂ ಮೊದಲಿನಿಂದ ಜ್ಞಾಪಿಸಿಕೊಳ್ಳುತ್ತ ಕೂತಿದ್ದೆ. ಹನ್ನೆರಡನೇ ತಾರೀಕು, ಸೋಮವಾರ. ಅವತ್ತು ಸ್ವಿಚ್ಚು ಹನ್ನೊಂದು ಸಲ ಬಿದ್ದಿತ್ತು. ಹನ್ನೊಂದನೇ ಸಲ ಬಿದ್ದಾಗ ಒಬ್ಬಳು ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ, “ರೀ, ಆ ಸ್ವಿಚ್ಚಿಗೊಂದು ಗತಿ ಕಾಣಿಸಿ, ಇಲ್ಲಾಂದ್ರೆ ನೀವೇ ಬಂದು ತೂತು ಕೊರೀರಿ” ಎಂದು ಕೂಗಿದಳು. ಎಲ್ಲರೂ ನಕ್ಕರು. ಯಜಮಾನರೂ ಆಫೀಸಿನಿಂದ ಈಚೆ ಬಂದು, ಹೌದಪ್ಪ, ಏನಾದರೂ ಮಾಡು ಎಂದರು. ಇವರು ಮುಖ ಕೆಂಪು ಮಾಡಿಕೊಂಡು ಬೋರ್ಡಿನ ಕಡೆ ಹೋದರು.

ಕೂಗಿದವಳು ನಾನು. ಇಷ್ಟು ದಿನ ಅದು ನೆನಪಿಗೇ ಬಂದಿರಲಿಲ್ಲ ನೋಡು.

ಮಾರ್ಚ್ ೭, ಶನಿವಾರ

ವರ್ಕ್‌ಶಾಪಿಗೆ ಹೋಗಿ ಬಂದೆ. ಎಲ್ಲರನ್ನೂ ನೋಡಿ ಬರುತ್ತೇನೆಂದು ಹೇಳಿ ಹೋದದ್ದು. ನೋಡಿದ್ದು ಬೇರೆ.

ನನ್ನ ಯಂತ್ರಕ್ಕೆ ಹೊಸ ಅರ್ಥ್ ವೈರು ಬಂದಿದೆ, ಪಂಪು ಬದಲಾಗಿದೆ. ನಾನು ಬಿದ್ದ ಮರುದಿನವೇ ಇವರು ಮಾಡಿದ್ದಂತೆ. ಆದರೆ ಟ್ರಿಪ್ ಸ್ವಿಚ್ಚು ಇನ್ನೂ ಹಾಗೇ ಇದೆ, ಹಲ್ಲಿಲ್ಲದ ನಾಯಿಯ ಹಾಗೆ. ಅದನ್ನು ಜೋಡಿಸಿದರೆ ಎಲ್ಲ ಯಂತ್ರದ ಸೋರಿಕೆಯೂ ಹೊರಬಿದ್ದು ಕೆಲಸ ನಿಲ್ಲುತ್ತದೆಂದು ಯಜಮಾನರು ಬೇಡ ಎಂದರಂತೆ. ಹನ್ನೆರಡು ವರ್ಷ ನೋಡುತ್ತಲೇ ಇದ್ದ ಜಾಗ, ಇವತ್ತು ಕಣ್ಣಿಗೆ ಬೇರೆ ಥರ ಬಿತ್ತು. ಗ್ರೈಂಡರಿನ ಫ್ಯೂಸಿನಲ್ಲಿ ತೆಳು ತಂತಿ ಇರಬೇಕಾದಲ್ಲಿ ಹುರಿಮಾಡಿದ ದಪ್ಪ ತಂತಿ. ಬಾಗಿಲ ಅಡಿಯಲ್ಲಿ ಹಾದುಹೋದ ವೈರು, ಬಾಗಿಲು ಹಾಕಿದಾಗಲೆಲ್ಲ ಅದರ ಮೇಲೆ ಒತ್ತು ಬೀಳುತ್ತದೆ, ನಾಲ್ಕು ಕಡೆ ಟೇಪು ಸುತ್ತಿದೆ. ಕಬ್ಬಿಣದ ಪುಡಿ ತುಂಬಿ ಬಾಗಿಲೇ ಮುಚ್ಚದ ಬೋರ್ಡು. ಪ್ಲಗ್ಗಿಲ್ಲದೆ ಬರೀ ವೈರಿನ ತುದಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ ಫ್ಯಾನು. ಇಂಥವು ಒಟ್ಟು ಒಂಬತ್ತು, ಎಲ್ಲವನ್ನೂ ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕಿಕೊಂಡೆ.

ನನ್ನ ಯಂತ್ರದ ಮುಂದೆ ನಿಂತು ಹಸಿರು ಗುಂಡಿಯ ಹತ್ತಿರ ಬೆರಳು ಒಯ್ದೆ. ಯಂತ್ರಕ್ಕೆ ಕರೆಂಟೇ ಇರಲಿಲ್ಲ, ಗೊತ್ತಿತ್ತು. ಆದರೂ ಬೆನ್ನು ಬೆವತು ಸೀರೆ ಅಂಟಿಕೊಂಡಿತು. ಒತ್ತಲಾಗಲಿಲ್ಲ.

ಮಾರ್ಚ್ ೧೦, ಮಂಗಳವಾರ

ಡಾಕ್ಟರಮ್ಮ ಕೈ ನೋಡಿ, ಇನ್ನು ಸಹಿ ಹಾಕಬಹುದು ಎಂದರು. ತಮಾಷೆಗೆ ಹೇಳಿದ ಮಾತು. ನನಗೆ ನಗು ಬರಲಿಲ್ಲ.

ಸಂಜೆ ಇವರನ್ನು ಕೂರಿಸಿಕೊಂಡು ಹೇಳಿದೆ. ಯಜಮಾನರು ಕೊಟ್ಟ ಕಾಗದಕ್ಕೆ ಸಹಿ ಹಾಕುವುದಿಲ್ಲ, ಬೇರೆ ಕಾಗದ ನಾನೇ ಬರೆಯುತ್ತೇನೆ. ಸ್ವಿಚ್ಚು ಬಿಡಿಸಿದ್ದನ್ನು ಬರೆದರೆ ಇವರ ಲೈಸೆನ್ಸಿಗೆ ಕುತ್ತು ಬರುತ್ತದೆ. ಬರೆಯದಿದ್ದರೆ ಇನ್ನೊಂದು ಮಧ್ಯಾಹ್ನ ಇನ್ನೊಬ್ಬರ ಕೈ ಹಿಡಿಗೆ ಅಂಟಿಕೊಳ್ಳುತ್ತದೆ, ಕಿಡಿ ಆಗ ಹತ್ತಿರ ಇರುತ್ತಾನೋ ಇಲ್ಲವೋ.

ಇವರು ತಮ್ಮ ಕೈ ತಾವೇ ನೋಡಿಕೊಂಡರು. “ನನ್ನೊಬ್ಬನದೇ ಬರಿ. ಯಜಮಾನ್ರನ್ನ ಎಳೀಬೇಡ, ಮಿಕ್ಕವರನ್ನೂ ಬೇಡ.”

“ಹಾಗೆ ಬರೆಯೋಕಾಗಲ್ಲ ರೀ. ಕೂಗಿದ್ದು ನಾನು, ಹೂಂ ಅಂದಿದ್ದು ಅವರು, ಬಿಚ್ಚಿದ್ದು ನೀವು. ಆದದ್ದು ಆದ ಹಾಗೆ ಬರೀತೀನಿ.”

ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಈಚೆ ಬಂದು, ಮೊದಲು ಊಟ ಮಾಡಿ, ಖಾಲಿ ಹೊಟ್ಟೆಯಲ್ಲಿ ಬರೆದ ಕಾಗದದಲ್ಲಿ ಬೈಗುಳ ಜಾಸ್ತಿ ಇರುತ್ತದೆ ಎಂದರು. ಹತ್ತು ದಿನದ ಮೇಲೆ ಮೂವರೂ ಒಟ್ಟಿಗೆ ಉಂಡೆವು.

ಮಾರ್ಚ್ ೧೩, ಶುಕ್ರವಾರ

ಎರಡು ಪುಟವಾಯಿತು. ನಾಲ್ಕು ಸಲ ಬರೆದೆ, ಮೂರು ಹರಿದೆ. ಗುರುತು ಹಾಕಿಕೊಂಡ ದೋಷಗಳನ್ನೆಲ್ಲ ಸೇರಿಸಿದೆ. ಬೆಳಿಗ್ಗೆ ಯಜಮಾನರ ಟೇಬಲ್ಲಿನ ಮೇಲೆ ಇಟ್ಟೆ. ಅವರಿಗೆ ತೋರಿಸದೆ ಕಚೇರಿಗೆ ಕೊಟ್ಟರೆ ಕಳ್ಳತನ ಮಾಡಿದ ಹಾಗಿರುತ್ತಿತ್ತು.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಬೈಯಲಿಲ್ಲ. ಒಂದು ಸಣ್ಣ ಕೊಠಡಿಯಲ್ಲಿ ಒಂದೇ ಯಂತ್ರ ಇಟ್ಟುಕೊಂಡು ಶುರುಮಾಡಿದ್ದನ್ನು ಹೇಳಿದರು. ಹದಿನಾಲ್ಕು ಜನ ಇದನ್ನೇ ನಂಬಿದ್ದಾರೆ, ಬಾಗಿಲು ಹಾಕಿಸಿದರೆ ಅವರ ಗತಿ ಏನು ಎಂದರು.

“ನಿನ್ನ ಗಂಡನ್ನ ನೀನೇ ಸಿಕ್ಕಿಸ್ತಿದ್ದೀಯಲ್ಲಮ್ಮ.”

“ನನ್ನನ್ನೂ ಸಿಕ್ಕಿಸಿಕೊಂಡಿದ್ದೀನಿ ಸಾರ್. ಎರಡನೇ ಪುಟದಲ್ಲಿದೆ.”

ಕಾಗದ ಮಡಚಿ ವಾಪಸು ಕೊಟ್ಟರು. ಏನಾದರೂ ಮಾಡು ಎಂದು ನಾನಂದ ಒಂದು ಮಾತನ್ನೂ ಬರೆದಿದ್ದೀಯ ಎಂದರು. ಹೌದು ಎಂದೆ. ಕಿಟಕಿಯ ಕಡೆ ತಿರುಗಿ ಕೂತರು. ಅಲ್ಲಿಂದ ನೇರ ಬಸ್ಸು ಹತ್ತಿ ತಪಾಸಣೆ ಕಚೇರಿಗೆ ಹೋದೆ. ಇವರು ಜೊತೆಗೆ ಬಂದರು. ಕೌಂಟರಿನಲ್ಲಿ ಕಾಗದ ತೆಗೆದುಕೊಂಡ ಹೆಂಗಸು ಇವರು ಯಾರು ಎಂದು ಕೇಳಿದಳು. “ವಯರ್‌ಮನ್,” ಎಂದರು ಇವರು. “ಒಂದನೇ ಪುಟದಲ್ಲಿರೋನು ನಾನೇ.”

ಮಾರ್ಚ್ ೨೪, ಮಂಗಳವಾರ

ತಪಾಸಣೆಯವರು ಬಂದು ಹೋದರು. ನಾನು ಬರೆದುಕೊಟ್ಟದ್ದು ಒಂಬತ್ತು ದೋಷ, ಅವರಿಗೆ ಸಿಕ್ಕಿದ್ದು ಇಪ್ಪತ್ತಮೂರು. ವೈರಿಂಗ್ ಪೂರ್ತಿ ಸರಿಯಾಗುವ ತನಕ ವರ್ಕ್‌ಶಾಪು ಬಂದ್. ಯಜಮಾನರಿಗೆ ದಂಡ. ಇವರ ಲೈಸೆನ್ಸು ಆರು ತಿಂಗಳು ಅಮಾನತು.

ಇವರು ಮನೆಗೆ ಬಂದು ಟೆಸ್ಟರು, ಕಟಿಂಗ್ ಪ್ಲೈಯರ್ ಎಲ್ಲ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ನಾನು ಪಕ್ಕದಲ್ಲಿ ಕೂತು ಬಟ್ಟೆ ಹಿಡಿದುಕೊಂಡೆ.

ಕೆಲಸದವರಿಗೆ ನನ್ನ ಮೇಲೆ ಸಿಟ್ಟು. ಸಂತೆಯಲ್ಲಿ ಗ್ರೈಂಡಿಂಗ್ ಮಾಡುವವನ ಹೆಂಡತಿ ಸಿಕ್ಕಳು, ಮುಖ ತಿರುಗಿಸಿಕೊಂಡಳು. ಕಿಡಿಯೂ ಬಂದಿಲ್ಲ. ನನ್ನ ಜೀವ ಉಳಿಸಿದವನ ಕೆಲಸ ನಿಲ್ಲಿಸಿದ್ದೇನೆ, ಅವನ ಸಿಟ್ಟು ನ್ಯಾಯವೇ. ಆದರೂ ಆ ಕಾಗದ ವಾಪಸು ಪಡೆಯುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಯಾರೂ ಕೇಳಿಲ್ಲ.

ಏಪ್ರಿಲ್ ೨, ಗುರುವಾರ

ಹೊಸ ವಯರ್‌ಮನ್ ಬಂದಿದ್ದಾನೆ. ಇವರು ಅವನ ಕೈಕೆಳಗೆ ಗುಂಡಿ ತೋಡುತ್ತಿದ್ದಾರೆ. ಅರ್ಥಿಂಗಿಗೆ ಆಳವಾದ ಗುಂಡಿ ಬೇಕು, ಮಣ್ಣು ಅಗೆಯಲು ಲೈಸೆನ್ಸು ಬೇಕಿಲ್ಲ. ಯಾರೂ ಕರೆದಿರಲಿಲ್ಲ, ಇವರೇ ಗುದ್ದಲಿ ಹಿಡಿದು ಹೋದರಂತೆ. ಯಜಮಾನರು ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ.

ಮಧ್ಯಾಹ್ನ ಊಟ ತೆಗೆದುಕೊಂಡು ಹೋದೆ. ಎದೆಮಟ್ಟದ ಗುಂಡಿಯಲ್ಲಿ ನಿಂತು ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುತ್ತಿದ್ದರು. ಮೈಯೆಲ್ಲ ಕಪ್ಪು, ಹಲ್ಲು ಮಾತ್ರ ಕಾಣುತ್ತಿತ್ತು. ಹೊಸಬನಿಗಿಂತ ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವರು, ಆದರೂ ಪ್ರತಿಯೊಂದಕ್ಕೂ ಅವನನ್ನು ಕೇಳಿಯೇ ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಗುಂಡಿಯ ಅಂಚಿನಲ್ಲಿ ಕೂತು ಇಬ್ಬರೂ ಒಂದೇ ಡಬ್ಬಿಯಿಂದ ಉಂಡೆವು.

ಏಪ್ರಿಲ್ ೯, ಗುರುವಾರ

ವರ್ಕ್‌ಶಾಪು ಇವತ್ತು ತೆರೆಯಿತು. ನಾನೂ ಹೋದೆ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಹೊಸ ಬೋರ್ಡು, ಹೊಸ ಟ್ರಿಪ್ ಸ್ವಿಚ್ಚು. ಒಂಬತ್ತಕ್ಕೆ ಶುರುಮಾಡಿದರು, ಒಂಬತ್ತೂವರೆಗೆ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಹತ್ತು ಗಂಟೆಯೊಳಗೆ ನಾಲ್ಕು ಸಲ. ಬೆಳಕಿನ ಲೈನು ಬೇರೆಯಾದ್ದರಿಂದ ದೀಪ ಉರಿಯುತ್ತಿತ್ತು, ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತಿತ್ತು. ಹದಿನೈದು ದಿನ ಕೆಲಸವಿಲ್ಲದೆ ಕೂತವರ ಮುಖ. ಹೊಸ ವಯರ್‌ಮನ್ನಿಗೆ ಫೋನು ಮಾಡಿದರೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದನಂತೆ.

ಕಿಡಿ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಮಧ್ಯಾಹ್ನದವರೆಗೆ ನೇರ ಕೊಟ್ಬಿಡೋಣ. ಆಮೇಲೆ ಅವನು ಬಂದು ನೋಡ್ಕೊಳ್ಳಲಿ.”

ಎಲ್ಲರೂ ಯಜಮಾನರ ಕಡೆ ನೋಡಿದರು. ಯಜಮಾನರು ನನ್ನ ಕಡೆ ನೋಡಿದರು.

ಹೋಗಿ ಬೋರ್ಡಿನ ಮುಂದೆ ನಿಂತೆ. “ಯಾರೂ ಏನೂ ಬಿಚ್ಚೋದು ಬೇಡ. ಎಲ್ಲ ಪ್ಲಗ್ಗೂ ಕೀಳೋಣ, ಒಂದೊಂದೇ ಹಾಕೋಣ. ಯಾವುದನ್ನ ಹಾಕಿದಾಗ ಬೀಳುತ್ತೋ ಅದರಲ್ಲಿದೆ.”

ಕಿಡಿ, ಅಷ್ಟರಲ್ಲಿ ಊಟದ ಹೊತ್ತಾಗುತ್ತೆ ಅಕ್ಕ ಎಂದ. ಆಗಲಿ ಎಂದೆ.

ಮೊದಲು ಪ್ಲಗ್ಗು ಕಿತ್ತವರು ಯಜಮಾನರು, ತಮ್ಮ ಆಫೀಸಿನ ಫ್ಯಾನಿನದು. ಆಮೇಲೆ ಒಬ್ಬೊಬ್ಬರಾಗಿ ಕೈ ಹಾಕಿದರು. ನಾನು ಸ್ವಿಚ್ಚು ಎತ್ತಿದೆ, ನಿಂತಿತು. ಗ್ರೈಂಡರು ಹಾಕಿದರು, ನಿಂತಿತು. ನನ್ನ ಯಂತ್ರ, ನಿಂತಿತು. ಕಿಡಿಯ ವೆಲ್ಡಿಂಗ್ ಸೆಟ್ಟು ಹಾಕುವಾಗ ಅವನ ಕತ್ತಿನ ನರ ಉಬ್ಬಿತ್ತು, ಅದೂ ನಿಂತಿತು. ಕತ್ತರಿಸುವ ಯಂತ್ರ, ಗಾಳಿ ಪಂಪು, ಫ್ಯಾನುಗಳು, ಎಲ್ಲ ಸರಿ. ಕೊನೆಗೆ ಮೂಲೆಯಲ್ಲಿದ್ದ ನೀರು ತಣ್ಣಗಾಗಿಸುವ ಯಂತ್ರ ಉಳಿಯಿತು. ತಪಾಸಣೆಯ ಹೊತ್ತಿಗೆ ಅದು ಉಗ್ರಾಣದಲ್ಲಿತ್ತು, ಬಿಸಿಲು ಜೋರಾಯಿತೆಂದು ಇವತ್ತು ಬೆಳಿಗ್ಗೆಯಷ್ಟೇ ಹೊರಗೆ ತಂದಿದ್ದರು. ಕಿಡಿ ಅದರ ಪ್ಲಗ್ಗು ಹಾಕಿದ. ಎರಡು ನಿಮಿಷ ಏನೂ ಆಗಲಿಲ್ಲ. ಒಳಗಿನ ಮೋಟರು ಗುಂಯ್ ಎಂದು ಶುರುವಾಯಿತು. ಸ್ವಿಚ್ಚು ಬಿತ್ತು.

ಹೋದ ಬೇಸಿಗೆಯಲ್ಲಿ ಅದರ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ನೀರು ಅಷ್ಟು ತಣ್ಣಗಿದೆ ಎಂದು ತಮಾಷೆ ಮಾಡಿ ನಗುತ್ತಿದ್ದೆವು. ಒಂದು ಮಧ್ಯಾಹ್ನ ತನ್ನ ಮಗಳು ಊಟದ ಡಬ್ಬಿ ಕೊಡಲು ಬಂದಾಗ ಕಿಡಿ ಅವಳನ್ನು ಎತ್ತಿ ಹಿಡಿದು ಅದೇ ನಲ್ಲಿಯಲ್ಲಿ ನೀರು ಕುಡಿಸಿದ್ದ. ನಾವೆಲ್ಲ ನೋಡಿದ್ದೆವು.

ಕಿಡಿ ಪ್ಲಗ್ಗು ಕಿತ್ತ. ಆ ಯಂತ್ರವನ್ನು ಒಬ್ಬನೇ ತಬ್ಬಿ ಎತ್ತಿಕೊಂಡು ಹೋಗಿ ಗೇಟಿನ ಆಚೆ ಇಟ್ಟು ಬಂದ. ಕೈತೊಳೆಯುವ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ನನ್ನ ಹತ್ತಿರ ಬಂದು, ಕಣ್ಣು ಬೇರೆ ಕಡೆ ಇಟ್ಟು, “ಎತ್ತು ಅಕ್ಕ,” ಎಂದ.

ಎತ್ತಿದೆ. ನಿಂತಿತು. ಎಲ್ಲರೂ ಅವರವರ ಜಾಗಕ್ಕೆ ಹೋದರು.

ಸಂಜೆ ಇವರು ಬೀದಿಯ ತಿರುವಿನಲ್ಲೇ ಕಾಯುತ್ತ ನಿಂತಿದ್ದರು. ನೀರಿನ ಯಂತ್ರದ ಕಥೆ ಹೇಳಿದೆ, ಎರಡು ಸಲ ಹೇಳಿಸಿಕೊಂಡರು. ಮನೆಯ ಹತ್ತಿರ ಬಂದಾಗ ಮೆಲ್ಲಗೆ, ಗುಂಡಿ ಒತ್ತುವಾಗ ಕೈ ನಡುಗಿತೇ ಎಂದು ಕೇಳಿದರು.

ಯೋಚಿಸಿದೆ. ಇವತ್ತು ಮುನ್ನೂರ ಹನ್ನೆರಡು ತೂತು ಕೊರೆದಿದ್ದೇನೆ, ಲೆಕ್ಕ ಬಾಯಲ್ಲಿದೆ. ಗುಂಡಿ ಯಾವಾಗ ಒತ್ತಿದೆ ಎಂಬುದು ಮಾತ್ರ ಎಷ್ಟು ತಡಕಿದರೂ ನೆನಪಾಗಲಿಲ್ಲ.